ಫೋಟೊ ನ್ಯಾಸ್‌ನಲ್ಲಿ, ಕ್ಯಾಟಲಾಗ್ ಎಸ್‌ಎಸ್‌ಡಿಯಲ್ಲಿ: ಕೊಪ್ಪಳದ ಸ್ಟುಡಿಯೊದಲ್ಲಿ ನಮ್ಮ ವ್ಯವಸ್ಥೆ

ಫೋಟೊ ತಿದ್ದಿ ಜೋಡಿಸಿಡುವ ಲೈಟ್‌ರೂಮ್ ಕ್ಲಾಸಿಕ್‌ನ ಲೈಬ್ರರಿಯನ್ನು ನ್ಯಾಸ್‌ಗೆ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್ ಪೆಟ್ಟಿಗೆಗೆ) ಹಾಕಬಹುದಾ ಎಂಬ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ರಾ ಫೈಲ್‌ಗಳನ್ನು, ಅಂದರೆ ಕ್ಯಾಮೆರಾದ ಮೂಲ ಫೈಲ್‌ಗಳನ್ನು, ಹಾಕಬಹುದಾ? ಧಾರಾಳವಾಗಿ. ಕ್ಯಾಟಲಾಗ್ ಹಾಕಬಹುದಾ? ಬೇಡ. ಕ್ಯಾಟಲಾಗ್ ಎಂದರೆ ಯಾವ ಫೋಟೊ ಎಲ್ಲಿದೆ, ಯಾವುದಕ್ಕೆ ಎಷ್ಟು ಸ್ಟಾರ್, ಯಾವ ಸ್ಲೈಡರ್ ಎಷ್ಟಕ್ಕೆ ಬಂದಿದೆ ಎಂದು ಬರೆದಿಡುವ ಎಸ್‌ಕ್ಯೂಲೈಟ್ ಡೇಟಾಬೇಸ್. ಒಬ್ಬರು ಬರೆಯುವಾಗ ಇನ್ನೊಬ್ಬರು ಬರೆಯದಂತೆ ಇಂಥ ಫೈಲಿಗೆ ಬೀಗ ಹಾಕಿ ತೆಗೆಯುವ ಕೆಲಸ ನೆಟ್‌ವರ್ಕ್ ಮೇಲೆ ನಂಬುವಂತಿಲ್ಲ. ಅದಕ್ಕೇ ನೆಟ್‌ವರ್ಕ್ ಡ್ರೈವ್‌ನಲ್ಲಿರುವ ಕ್ಯಾಟಲಾಗನ್ನು ಲೈಟ್‌ರೂಮ್ ತೆರೆಯುವುದೇ ಇಲ್ಲ. ಐಸ್ಕಸಿ (iSCSI) ಎಂಬ ವಿಧಾನದಿಂದ ನ್ಯಾಸ್‌ನ ಜಾಗವನ್ನು ಪಿಸಿಯದೇ ಡಿಸ್ಕ್ ಎಂದು ನಂಬಿಸುವವರಿದ್ದಾರೆ. ಬರೆಯುತ್ತಿರುವಾಗ ಕೇಬಲ್ ಕಳಚಿದರೆ ಕ್ಯಾಟಲಾಗ್ ಕೆಡುವ ಅಪಾಯ ಹಾಗೇ ಉಳಿಯುತ್ತದೆ. ನಾವು ಅದರ ಗೊಡವೆಗೇ ಹೋಗಿಲ್ಲ.

ನಮ್ಮಲ್ಲಿರುವುದು ಎರಡು ಬೇಯ (ಡಿಸ್ಕ್ ಕೂರಿಸುವ ಎರಡು ಗೂಡಿನ) ನ್ಯಾಸ್, ಅದರಲ್ಲಿ 4 ಟಿಬಿಯ ಎರಡು ಡಿಸ್ಕ್, ರೇಡ್ 1. ಎರಡೂ ಡಿಸ್ಕಿನಲ್ಲಿ ಒಂದೇ ಸರಕು, ಆದ್ದರಿಂದ ಕೈಗೆ ಸಿಗುವ ಜಾಗ 4 ಟಿಬಿ ಮಾತ್ರ. ವಿಂಡೋಸ್ ಅದನ್ನು 3.6 ಎಂದು ತೋರಿಸುತ್ತದೆ, ಗಾಬರಿ ಬೇಡ. ಒಂದು ಲಗ್ನಕ್ಕೆ 24 ಮೆಗಾಪಿಕ್ಸೆಲ್‌ನ ಎರಡು ಕ್ಯಾಮೆರಾ ಎಂದಿಟ್ಟುಕೊಳ್ಳಿ. ಅಕ್ಕಿಕಾಳು ಬೀಳುವ ಹೊತ್ತಿನ ಬರ್ಸ್ಟ್ ಎಲ್ಲ ಸೇರಿ 4,000 ಫ್ರೇಮ್, ಒಂದೊಂದು 25 ಎಂಬಿ, ಒಟ್ಟು 100 ಜಿಬಿ. ಆಲ್ಬಮ್ ಫೈಲ್‌ಗಳಿಗೂ ಜಾಗ ಬಿಟ್ಟರೆ ಸುಮಾರು 30 ಲಗ್ನ ಹಿಡಿಯುತ್ತದೆ. ಡಿಸ್ಕ್ ಕೊಳ್ಳುವಾಗ ಸಿಎಂಆರ್, ಅಂದರೆ ಡೇಟಾ ಬರೆಯುವ ಟ್ರ್ಯಾಕ್‌ಗಳು ಬೇರೆ ಬೇರೆಯಾಗಿರುವ ಬಗೆ, ಎಂದು ಖಚಿತ ಮಾಡಿಕೊಳ್ಳಿ. ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕ್‌ಗಳು ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ, ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಒಂದು ಡಿಸ್ಕ್ ಸತ್ತು ರೇಡ್ ಮತ್ತೆ ಕಟ್ಟುವಾಗ ಇದರ ಬಿಸಿ ತಟ್ಟುತ್ತದೆ.

ನ್ಯಾಸ್ ನಿಧಾನ ಎಂದು ದೂರುವ ಕಡೆ ನಾನು ಮೊದಲು ನೋಡುವುದು ಕೇಬಲ್. ಗಿಗಾಬಿಟ್ ಸರಿಯಾಗಿ ಸಿಕ್ಕರೆ ಸೆಕೆಂಡಿಗೆ ಸುಮಾರು 110 ಎಂಬಿ ಬರುತ್ತದೆ, 100 ಜಿಬಿ ಹೋಗಲು ಕಾಲು ಗಂಟೆ ಸಾಕು. ಎಲ್ಲೋ ಒಂದು ಕಡೆ 100 ಮೆಗಾಬಿಟ್‌ಗೆ ಇಳಿದಿದ್ದರೆ ಸೆಕೆಂಡಿಗೆ 11 ಎಂಬಿ, ಅದೇ ಕೆಲಸಕ್ಕೆ ಎರಡೂವರೆ ಗಂಟೆ. ಫೈಬರ್ ಕನೆಕ್ಷನ್ ಜೊತೆ ಕೊಡುವ ಎಷ್ಟೋ ರೌಟರ್‌ಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100ರವು. ಆದ್ದರಿಂದ ನ್ಯಾಸ್ ಮತ್ತು ಎಡಿಟಿಂಗ್ ಪಿಸಿ ಎರಡನ್ನೂ 5 ಪೋರ್ಟಿನ ಗಿಗಾಬಿಟ್ ಸ್ವಿಚ್‌ಗೆ ಚುಚ್ಚಿ, ರೌಟರ್‌ಗೆ ಅಲ್ಲಿಂದ ಒಂದೇ ವೈರ್ ಬಿಟ್ಟಿದ್ದೇವೆ. ಗಿಗಾಬಿಟ್‌ಗೆ ಕೇಬಲ್ ಒಳಗಿನ ಎಂಟೂ ಎಳೆ ಬೇಕು. ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ (ಕ್ರಿಂಪ್) ಒಂದು ಎಳೆ ಕೂರದಿದ್ದರೂ ವೇಗ ಸದ್ದಿಲ್ಲದೆ 100ಕ್ಕೆ ಇಳಿಯಬಹುದು, ಇಂಟರ್ನೆಟ್ ಮಾತ್ರ ನಡೆಯುತ್ತಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ ವೈರ್ ಬೇಡ, ಪೂರ್ತಿ ತಾಮ್ರದ ಕ್ಯಾಟ್ 6 ಕೇಳಿ. ವೈಫೈ ಫೋಟೊ ತೋರಿಸುವುದಕ್ಕೆ ಸರಿ, ಎಡಿಟಿಂಗ್‌ಗೆ ಅಲ್ಲ.

ಕೆಲಸದ ಕ್ರಮ ಹೀಗೆ. ಕಾರ್ಡಿನಿಂದ ಇಂಪೋರ್ಟ್ ಆಗುವುದು ಪಿಸಿಯ 1 ಟಿಬಿ ಎಸ್‌ಎಸ್‌ಡಿಗೆ. ಇಂಪೋರ್ಟ್ ವಿಂಡೋದಲ್ಲಿ ಎರಡನೇ ಪ್ರತಿ ಮಾಡುವ ಆಯ್ಕೆ ಇದೆ, ಅದಕ್ಕೆ ನ್ಯಾಸ್‌ನ ಫೋಲ್ಡರ್ ತೋರಿಸುತ್ತೇವೆ. ಎರಡೂ ಕಡೆ ಎಣಿಕೆ ಸರಿಹೊಂದಿದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್. ಇಂಪೋರ್ಟ್ ಜೊತೆಗೇ ಸ್ಮಾರ್ಟ್ ಪ್ರಿವ್ಯೂ ಕೂಡ ಕಟ್ಟುತ್ತದೆ. ಇದು ಉದ್ದದ ಬದಿ 2,560 ಪಿಕ್ಸೆಲ್ ಇರುವ ಹಗುರ ಪ್ರತಿ. ಇದಿದ್ದರೆ ಮುಂದೆ ಮೂಲ ಫೈಲ್ ನ್ಯಾಸ್‌ಗೆ ಹೋದ ಮೇಲೆ ನ್ಯಾಸ್ ಆಫ್ ಇದ್ದರೂ ಬಣ್ಣ, ಕ್ರಾಪ್, ಎಕ್ಸ್‌ಪೋಷರ್ ಎಲ್ಲ ತಿದ್ದಬಹುದು. ಶಾರ್ಪ್‌ನೆಸ್ ಮತ್ತು ನಾಯ್ಸ್ ಅಳೆಯಲು ಮಾತ್ರ ಮೂಲ ಫೈಲೇ ಬೇಕು.

ಆಲ್ಬಮ್ ಕೊಟ್ಟಾದ ಮೇಲೆ ಆ ಲಗ್ನದ ಫೋಲ್ಡರ್ ನ್ಯಾಸ್‌ಗೆ ಹೋಗುತ್ತದೆ. ಅದನ್ನು ಲೈಟ್‌ರೂಮ್‌ನ ಫೋಲ್ಡರ್ಸ್ ಪ್ಯಾನೆಲ್‌ನಲ್ಲೇ ಎಳೆದು ಬಿಡಬೇಕು. ಎಕ್ಸ್‌ಪ್ಲೋರರ್‌ನಲ್ಲಿ ಕಟ್ ಪೇಸ್ಟ್ ಮಾಡಿದರೆ ಕ್ಯಾಟಲಾಗ್‌ಗೆ ಸುದ್ದಿ ಮುಟ್ಟುವುದಿಲ್ಲ, ಎಲ್ಲದರ ಮೇಲೂ ಪ್ರಶ್ನಾರ್ಥಕ ಚಿಹ್ನೆ. ಎಳೆದದ್ದು ಪೂರ್ತಿ ತಲುಪಿದೆಯೆಂದು ಖಾತ್ರಿಯಾದ ಮೇಲೆ ಮೊದಲಿನ ಎರಡನೇ ಪ್ರತಿಯನ್ನು ಅಳಿಸುತ್ತೇವೆ. ಬದಲಾವಣೆಗಳನ್ನು ಆಗಿಂದಾಗ್ಗೆ ಎಕ್ಸ್‌ಎಂಪಿಗೆ (ಪ್ರತಿ ರಾ ಫೈಲ್ ಪಕ್ಕ ಕೂರುವ ಸಣ್ಣ ಫೈಲಿಗೆ) ಬರೆಯುವ ಸೆಟ್ಟಿಂಗ್ ಆಫ್ ಇರಲಿ. ನೆಟ್‌ವರ್ಕ್‌ಗೆ ದೊಡ್ಡ ಫೈಲ್ ಭಾರವಲ್ಲ, ಸಾವಿರಾರು ಚಿಲ್ಲರೆ ಫೈಲ್‌ಗಳೇ ಭಾರ. ಕೆಲಸ ಮುಗಿದಾಗ ಎಲ್ಲ ಫೋಟೊ ಆರಿಸಿ ಕಂಟ್ರೋಲ್ ಎಸ್ ಒತ್ತಿದರೆ ಒಂದೇ ಸಲಕ್ಕೆ ಬರೆಯುತ್ತದೆ.

ನ್ಯಾಸ್‌ನ ಐಪಿಯನ್ನು (ನೆಟ್‌ವರ್ಕ್‌ನಲ್ಲಿ ಅದರ ವಿಳಾಸವನ್ನು) ರೌಟರ್‌ನಲ್ಲಿ ಕಾಯ್ದಿರಿಸಿ, ಪಿಸಿಯಲ್ಲಿ ಅದಕ್ಕೆ ಝಡ್ ಡ್ರೈವ್ ಎಂದು ಹೆಸರು ಕೊಟ್ಟಿದ್ದೇವೆ. ಆ ಅಕ್ಷರ ಯಾವತ್ತೂ ಬದಲಾಗಬಾರದು. ಬೆಳಿಗ್ಗೆ ನ್ಯಾಸ್ ಏಳುವ ಮೊದಲೇ ಲೈಟ್‌ರೂಮ್ ತೆರೆದರೆ ಫೋಲ್ಡರ್‌ಗಳೆಲ್ಲ ಕಾಣೆಯಾದಂತೆ ಕಾಣುತ್ತವೆ. ಆಗ ಹುಡುಕಿಸುವ ಬಟನ್ ಒತ್ತಿ ಎಲ್ಲೆಲ್ಲೋ ಜೋಡಿಸಬೇಡಿ. ಲೈಟ್‌ರೂಮ್ ಮುಚ್ಚಿ, ಎಕ್ಸ್‌ಪ್ಲೋರರ್‌ನಲ್ಲಿ ಝಡ್ ತೆರೆಯುತ್ತದೆಯೇ ನೋಡಿ, ಆಮೇಲೆ ಮತ್ತೆ ತೆರೆಯಿರಿ.

ಇಬ್ಬರು ಒಂದೇ ಕ್ಯಾಟಲಾಗ್‌ನಲ್ಲಿ ಒಟ್ಟಿಗೆ ಕೂರಲು ಆಗುವುದಿಲ್ಲ. ನ್ಯಾಸ್ ಕೊಂಡರೆ ಇದು ಬಗೆಹರಿಯುತ್ತದೆ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಎರಡನೆಯ ಎಡಿಟರ್‌ಗೆ ಒಂದು ಲಗ್ನವನ್ನು ಮಾತ್ರ ಸ್ಮಾರ್ಟ್ ಪ್ರಿವ್ಯೂ ಸಮೇತ ಬೇರೆ ಕ್ಯಾಟಲಾಗ್ ಆಗಿ ಎಕ್ಸ್‌ಪೋರ್ಟ್ ಮಾಡಿ ಕೊಡುತ್ತೇವೆ, ಮುಗಿದ ಮೇಲೆ ಮುಖ್ಯ ಕ್ಯಾಟಲಾಗ್‌ಗೆ ಇಂಪೋರ್ಟ್. ಆ ಮಧ್ಯೆ ಇತ್ತ ಆ ಲಗ್ನವನ್ನು ಯಾರೂ ಮುಟ್ಟುವಂತಿಲ್ಲ.

ಆಲ್ಬಮ್ ವಿನ್ಯಾಸದ ಲೆಕ್ಕ ಬೇರೆ. 12×36 ಇಂಚಿನ ಹಾಳೆ 300 ಡಿಪಿಐನಲ್ಲಿ 3,600×10,800 ಪಿಕ್ಸೆಲ್. ಲೇಯರ್ ಇಲ್ಲದೆಯೇ 117 ಎಂಬಿ, ಹತ್ತು ಹದಿನೈದು ಫೋಟೊ ಲೇಯರ್ ಸೇರಿದರೆ ಜಿಬಿಯ ಹತ್ತಿರ. ಇದನ್ನು ನ್ಯಾಸ್‌ನಿಂದ ನೇರವಾಗಿ ತೆರೆದು ಐದು ನಿಮಿಷಕ್ಕೊಮ್ಮೆ ಸೇವ್ ಒತ್ತುವುದು ಶಿಕ್ಷೆ. ಪಿಎಸ್‌ಡಿ (ಫೋಟೊಶಾಪ್‌ನ ಫೈಲ್) ಮತ್ತು ಫೋಟೊಶಾಪ್ ತಾತ್ಕಾಲಿಕವಾಗಿ ಬಳಸುವ ಸ್ಕ್ರ್ಯಾಚ್ ಡಿಸ್ಕ್ ಎರಡೂ ಎಸ್‌ಎಸ್‌ಡಿಯಲ್ಲಿ, ಸಂಜೆ ಒಂದು ಪ್ರತಿ ನ್ಯಾಸ್‌ಗೆ. ಪಿಎಸ್‌ಡಿಯ ಮಿತಿ 2 ಜಿಬಿ, ಅದು ಮೀರಿದರೆ ದೊಡ್ಡ ಫೈಲಿನ ರೂಪವಾದ ಪಿಎಸ್‌ಬಿ.

ಫೋಲ್ಡರ್ ಹೆಸರು ಕನ್ನಡದಲ್ಲಿಡುವ ಆಸೆ ನಮಗೂ ಇತ್ತು. ಆದರೆ ಹಳೆಯ ಎಚ್‌ಎಫ್‌ಎಸ್ ಪ್ಲಸ್ ರೂಪದಲ್ಲಿ ಫಾರ್ಮ್ಯಾಟ್ ಆದ ಡಿಸ್ಕ್ ಇರುವ ಮ್ಯಾಕ್ ಹೆಸರುಗಳನ್ನು ಬಿಡಿಸಿ ಬರೆದಿಡುತ್ತದೆ: 'ಕೊ'ದಲ್ಲಿರುವ ಒ ಕಾರವನ್ನು ಎ ಕಾರ ಮತ್ತು ದೀರ್ಘ ಊ ಕಾರದ ಚಿಹ್ನೆಗಳಾಗಿ ಒಡೆಯುತ್ತದೆ. ಅದನ್ನು ಆರ್‌ಸಿಂಕ್ ಎಂಬ ಪ್ರತಿ ಮಾಡುವ ಸಾಧನದಿಂದ ನ್ಯಾಸ್‌ಗೆ ತಂದರೆ ನೋಡಲು ಒಂದೇ ಥರದ ಎರಡು 'ಕೊಪ್ಪಳ' ಫೋಲ್ಡರ್ ನಿಲ್ಲಬಹುದು. ತಮಾಷೆ ಎಂದರೆ ಬಳ್ಳಾರಿಗೂ ರಾಯಚೂರಿಗೂ ಈ ಕಾಟವಿಲ್ಲ, ಕೊಪ್ಪಳಕ್ಕೂ ಹೊಸಪೇಟೆಗೂ ಇದೆ. ಈಗ ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಊರು. ಕನ್ನಡ ಹೆಸರುಗಳು ಕೀವರ್ಡ್‌ಗಳಲ್ಲಿ.

ಇನ್ನು ಕರೆಂಟು, ಬಿಸಿಲು, ಧೂಳು. ಇನ್ವರ್ಟರ್ ನಾರ್ಮಲ್ ಮೋಡ್‌ನಲ್ಲಿದ್ದರೆ ಕರೆಂಟು ಹೋದಾಗ ಬದಲಾಗುವ ಆ ಅರೆಗಳಿಗೆಗೇ ನ್ಯಾಸ್ ರೀಸ್ಟಾರ್ಟ್ ಆಗಬಹುದು. ನ್ಯಾಸ್, ಸ್ವಿಚ್, ರೌಟರ್ ಮೂರೂ ಸೇರಿ 40 ವಾಟ್ ಒಳಗೆ, 600 ವಿಎ ಯುಪಿಎಸ್ ಸಾಕು. ಯುಎಸ್‌ಬಿ ಡೇಟಾ ಪೋರ್ಟ್ ಇರುವುದನ್ನೇ ತನ್ನಿ, ಅಗ್ಗದವುಗಳಲ್ಲಿ ಅದು ಇರುವುದಿಲ್ಲ. ಆ ವೈರ್ ಇದ್ದರೆ ಬ್ಯಾಟರಿ ಮೇಲೆ 5 ನಿಮಿಷ ಕಳೆದಾಗ ನ್ಯಾಸ್ ತಾನೇ ಸರಿಯಾಗಿ ಮಲಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಡಿಸ್ಕ್ 50 ದಾಟುತ್ತದೆ. ಹಾಗಾಗಿ ಆಗ ಫ್ಯಾನ್ ಪೂರ್ಣ ವೇಗದಲ್ಲಿ, ಪೆಟ್ಟಿಗೆಯ ಹಿಂದೆ ನಾಲ್ಕು ಇಂಚು ಖಾಲಿ, ಮರದ ಕಪಾಟಿನೊಳಗಂತೂ ಬೇಡವೇ ಬೇಡ. ಗಿಣಿಗೇರಿ ಕಡೆಯ ಕಾರ್ಖಾನೆಗಳ ಕರಿಧೂಳು ಇರುವಲ್ಲಿ ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಲೇಬೇಕು. ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ.

ರೇಡ್ 1 ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅದೇ ಕ್ಷಣ ಅಳಿಯುತ್ತದೆ. ಅದಕ್ಕೇ ರಾತ್ರಿ ಒಂದು ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ಫೈಲ್‌ಗಳು ಹೇಗಿದ್ದವೋ ಹಾಗೆ ಹಿಡಿದಿಡುವುದು), 14 ದಿನದವು ಉಳಿಯುತ್ತವೆ. ಎರಡು ಯುಎಸ್‌ಬಿ ಡಿಸ್ಕ್ ವಾರಕ್ಕೊಂದರಂತೆ ಅದಲುಬದಲು, ಒಂದು ಸದಾ ಮನೆಯಲ್ಲಿ. ಅವುಗಳ ಮೇಲೆ ನ್ಯಾಸ್ ಕಂಪನಿಯ ಸ್ವಂತ ಬ್ಯಾಕಪ್ ರೂಪ ಬಳಸದೆ ಸಾದಾ ಪ್ರತಿ ಮಾಡುತ್ತೇವೆ, ನ್ಯಾಸ್ ಕೆಟ್ಟರೂ ಪಿಸಿಗೆ ಚುಚ್ಚಿ ಓದಬಹುದು. ಕ್ಯಾಟಲಾಗ್ ಪಿಸಿಯಲ್ಲಿದ್ದರೂ ಮುಚ್ಚುವಾಗ ಲೈಟ್‌ರೂಮ್ ಮಾಡುವ ಅದರ ಬ್ಯಾಕಪ್ ಮಾತ್ರ ನ್ಯಾಸ್‌ಗೆ ಹೋಗುತ್ತದೆ.

ಎರಡು ತಿಂಗಳಿಗೊಮ್ಮೆ ಯುಎಸ್‌ಬಿ ಡಿಸ್ಕಿನಿಂದ ಯಾವುದೋ ಒಂದು ಲಗ್ನದ 20 ರಾ ಫೈಲ್ ತೆಗೆದು ನೋಡುತ್ತೇವೆ. ಥಂಬ್‌ನೇಲ್ ನೋಡಿ ಸುಮ್ಮನಾಗಬೇಡಿ. ರಾ ಒಳಗೆ ಕೂತಿರುವ ಸಣ್ಣ ಜೆಪೆಗ್ ಚೆನ್ನಾಗಿಯೇ ಕಾಣುತ್ತಿರುತ್ತದೆ, ಕೆಟ್ಟಿರುವುದು ಅದರ ಹಿಂದಿನ ಡೇಟಾ. ಲೈಟ್‌ರೂಮ್‌ನ ಡೆವಲಪ್‌ನಲ್ಲಿ ತೆರೆದು ನೂರು ಪರ್ಸೆಂಟ್ ಜೂಮ್ ಮಾಡಿದಾಗ ಮಾತ್ರ ಅದು ಬಯಲಾಗುತ್ತದೆ.