ಕಡಮತ್ ದ್ವೀಪದ ಬಾವಿ, ನನ್ನ ನಿದ್ದೆ

ನಮ್ಮದು ವಿರಾಜಪೇಟೆ ಹತ್ತಿರ ಮೂರು ಕೋಣೆಯ ಹೋಂಸ್ಟೇ. ಅಡುಗೆ, ಬುಕಿಂಗ್, ಹಾಸಿಗೆ ಬಟ್ಟೆ ಎಲ್ಲ ನನ್ನ ತಲೆ ಮೇಲೆ. ಎರಡು ಎಕರೆ ಕಾಫಿ ಮನೆಯವರ ಪಾಲಿಗೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೆ ಆ ಮಳೆಗಾಲದಿಂದ ನನ್ನ ನಿದ್ದೆ ಹಾಳಾಯಿತು. ಆಮೇಲೆ ಲಾಕ್‌ಡೌನ್ ಬಂತು, ಸಾಲ ಬಂತು. ರಾತ್ರಿ ಎರಡೂವರೆಗೆ ಸರಿಯಾಗಿ ಎಚ್ಚರ. ಎದ್ದ ಕೂಡಲೇ ಕೈ ಫೋನಿಗೆ ಹೋಗುತ್ತಿತ್ತು, ಯಾರಾದರೂ ರೂಮು ಕೇಳಿದ್ದಾರಾ, ಯಾರಾದರೂ ಕೆಟ್ಟ ರಿವ್ಯೂ ಬರೆದಿದ್ದಾರಾ ಅಂತ.

2023ರ ಮಾರ್ಚ್‌ನಲ್ಲಿ ಲಕ್ಷದ್ವೀಪಕ್ಕೆ ಹೋಗಿದ್ದು ಇದಕ್ಕೆ ಔಷಧಿ ಹುಡುಕಿಕೊಂಡಲ್ಲ. ಮನೆಯವರ ಹಳೇ ಸ್ನೇಹಿತರೊಬ್ಬರು ಕಡಮತ್ ದ್ವೀಪದವರು, ವರ್ಷಗಳಿಂದ ಕರೆಯುತ್ತಿದ್ದರು. ಮಾರ್ಚ್ ಅಂದರೆ ಮಕ್ಕಳ ಪರೀಕ್ಷೆ, ಗೆಸ್ಟ್ ಕಮ್ಮಿ. ಅಲ್ಲಿಗೆ ಸುಮ್ನೆ ಹೊರಟುಬಿಡುವ ಹಾಗಿಲ್ಲ, ಪರ್ಮಿಟ್ ಬೇಕು. ನಮಗೆ ಕಾಗದಪತ್ರಕ್ಕೇ ಒಂದೂವರೆ ತಿಂಗಳು ಹಿಡಿಯಿತು. ಹೋಗುವ ಆಸೆ ಇದ್ದವರು ಮೊದಲು ಆ ಕೆಲಸ ಮುಗಿಸಿಕೊಳ್ಳಿ, ಟಿಕೆಟ್ ಆಮೇಲೆ. ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿ ತಲಶ್ಶೇರಿ. ಅಲ್ಲಿಂದ ರೈಲು, ಕೊಚ್ಚಿಯಲ್ಲಿ ಹಡಗು.

ಲಕ್ಷದ್ವೀಪದ 36 ದ್ವೀಪಗಳ ನೆಲವೆಲ್ಲ ಸೇರಿಸಿದರೂ 32 ಚದರ ಕಿಲೋಮೀಟರ್. ನಮ್ಮ ಕೊಡಗು 4,102. ಜನ ಇರುವುದು ಹತ್ತೇ ದ್ವೀಪಗಳಲ್ಲಿ. ಕಡಮತ್ ಸುಮಾರು ಒಂಬತ್ತು ಕಿಲೋಮೀಟರ್ ಉದ್ದ, ಅಗಲ ಜಾಸ್ತಿ ಇರುವ ಕಡೆಯೂ ಅರ್ಧ ಕಿಲೋಮೀಟರ್ ಅಷ್ಟೇ. ದಿಬ್ಬ ಇಲ್ಲ, ಇಳಿಜಾರಿಲ್ಲ. ಹುಟ್ಟಿದಾಗಿನಿಂದ ಹತ್ತಿ ಇಳಿದು ನಡೆದವಳಿಗೆ ಆ ಚಪ್ಪಟೆ ನೆಲ ಎಷ್ಟು ವಿಚಿತ್ರ ಅನ್ನಿಸಿತು ಅಂದರೆ, ಮೊದಲ ದಿನ ಕಾಲು ಎಲ್ಲಿ ಇಡಬೇಕು ಅಂತಲೇ ಗೊತ್ತಾಗದೆ ನಿಧಾನ ನಡೆದೆ.

ಆ ಮನೆಯಲ್ಲಿ ಸ್ನೇಹಿತರ ತಾಯಿ ಇದ್ದರು. ಎಲ್ಲರಿಗೂ ಅವರು ಉಮ್ಮ, ನನಗೂ ಉಮ್ಮ. ನನ್ನ ಮಲಯಾಳ ಗಡಿಯ ಮಲಯಾಳ, ಅವರದು ಜೆಸರಿ, ಅಂದರೆ ದ್ವೀಪದವರ ಮಲಯಾಳ. ಅರ್ಧ ಮಾತು, ಅರ್ಧ ಕೈಸನ್ನೆ. ಹೋದ ದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನಮ್ಮ ಮನೆಯಲ್ಲಿ ಮಾಡುವ ಹಾಗೆ ದಬದಬ ನೀರು ಸೇದಿ ಸೇದಿ ಸುರಿದುಕೊಂಡೆ. ಮೂರನೇ ಬಕೆಟ್ ತುಂಬುವಾಗ ಉಮ್ಮ ಬಂದು ಹಗ್ಗ ಹಿಡಿದರು. "ಮದಿ ಮೋಳೆ," ಅಂದರು. ಸಾಕು ಮಗಳೇ ಅಂತ.

ಬಾವಿಗೆ ಆಳವೇ ಇಲ್ಲ, ಬಗ್ಗಿದರೆ ಮುಖ ಕಾಣುತ್ತದೆ. ಆ ನೀರು ಎಲ್ಲಿಂದ ಬರುತ್ತದೆ ಅಂತ ಅವರ ಮಗ ವಿವರಿಸಿದರು. ಮಳೆನೀರು ಹವಳದ ಮರಳಲ್ಲಿ ಇಳಿದು, ಅಡಿಯಲ್ಲಿರುವ ಸಮುದ್ರದ ನೀರಿನ ಮೇಲೆ ತೆಳುವಾಗಿ ತೇಲಿಕೊಂಡು ನಿಂತಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಸಮುದ್ರ ಏರಿದರೆ ಬಾವಿಯ ನೀರೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಸ್ವಲ್ಪ ಸ್ವಲ್ಪವೇ ಸೇದಿದರೆ ಸಿಹಿ ಉಳಿಯುತ್ತದೆ. ಮೋಟಾರ್ ಹಾಕಿ ಒಂದೇ ಸಮ ಎಳೆದರೆ ಅಡಿಯಿಂದ ಉಪ್ಪು ಮೇಲೆ ಬರುತ್ತದೆ, ಒಮ್ಮೆ ಬಂದರೆ ಮತ್ತೆ ಸಿಹಿಯಾಗಲು ಮಳೆಗೆ ಕಾಯಬೇಕು. ಉಮ್ಮ ಬೆಳಿಗ್ಗೆ ನಾಲ್ಕು ಬಿಂದಿಗೆ, ಸಂಜೆ ನಾಲ್ಕು ಬಿಂದಿಗೆ ತುಂಬಿಸುತ್ತಿದ್ದರು. ನೆಂಟರು ಬಂದಿದ್ದಾರೆ ಅಂತ ಐದನೆಯದು ಸೇದಲಿಲ್ಲ. ನನಗೆ ಅದು ಎದೆಗೆ ತಾಗಿತು. ಐದು ವರ್ಷದಿಂದ ಒಂದು ದಿನವೂ ಗೆಸ್ಟಿಗೆ ಇಲ್ಲ ಅಂದವಳಲ್ಲ ನಾನು. ರಾತ್ರಿ ಹನ್ನೊಂದಕ್ಕೆ ಅಕ್ಕಿರೊಟ್ಟಿ ಕೇಳಿದರೂ ತಟ್ಟಿಕೊಟ್ಟಿದ್ದೇನೆ.

ನಿದ್ದೆ ಮೊದಲ ಮೂರು ರಾತ್ರಿ ಬರಲೇ ಇಲ್ಲ. ತಲೆನೋವು ಬೇರೆ. ಕಾರಣ ಒಮ್ಮೆಲೇ ಕಾಫಿ ತಪ್ಪಿದ್ದು. ಮನೆಯಲ್ಲಿ ದಿನಕ್ಕೆ ಆರೇಳು ಲೋಟ ಆಗುತ್ತಿತ್ತು, ಗೆಸ್ಟಿಗೆ ಮಾಡಿದಾಗೆಲ್ಲ ನನಗೂ ಒಂದು. ಅಲ್ಲಿ ಹಾಲು ಹಾಕದ ಚಹಾ, ಅದೂ ಬೆಳಿಗ್ಗೆ ಒಂದು ಸಲ. ನಾಲ್ಕನೇ ರಾತ್ರಿ ಒಂಬತ್ತಕ್ಕೆ ಮಲಗಿದವಳು ಬೆಳಗಿನ ಬಾಂಗ್ ಕೇಳಿ ಎದ್ದೆ. ಎದ್ದು ಸ್ವಲ್ಪ ಹೊತ್ತು ಹಾಸಿಗೆಯಲ್ಲೇ ಕೂತಿದ್ದೆ, ನಡುವೆ ಎಚ್ಚರವಾಗಿಲ್ಲ ಅನ್ನುವುದನ್ನು ನಂಬಲು ಆಗಲಿಲ್ಲ. ಆಮೇಲೆ ಡಾಕ್ಟರು ಹೇಳಿದರು, ಕಾಫಿ ಕುಡಿದು ಐದಾರು ಗಂಟೆಯಾದರೂ ಅದರ ಕೆಫೀನ್ ಅರ್ಧದಷ್ಟು ಮೈಯಲ್ಲೇ ಇರುತ್ತದೆ ಅಂತ. ಕಾಫಿ ಬೆಳೆಯುವ ಮನೆಯವರಿಗೆ ಇದನ್ನು ಯಾರೂ ಹೇಳಿರಲಿಲ್ಲ ನೋಡಿ.

ನಿಜವಾದ ಪರೀಕ್ಷೆ ಬಂದಿದ್ದು ವಾಪಸ್ ಹೊರಡುವ ಹೊತ್ತಿಗೆ. ಹಡಗು ಎರಡು ದಿನ ತಡ ಅಂದರು. ನಮಗೆ ಶುಕ್ರವಾರ ಎಂಟು ಜನರ ಬುಕಿಂಗ್ ಇತ್ತು, ಅಡ್ವಾನ್ಸ್ ತೆಗೆದುಕೊಂಡಾಗಿತ್ತು. ಆಗ ಅಲ್ಲಿ ನೆಟ್‌ವರ್ಕ್ ಎಲ್ಲ ಸ್ಯಾಟಲೈಟ್ ಮೇಲೆ, ಸಮುದ್ರದಡಿಯ ಕೇಬಲ್ ಶುರುವಾಗಿದ್ದು 2024ರ ಜನವರಿಯಲ್ಲಿ. ನಾನು ಕೈಕಾಲು ನಡುಗಿಸಿಕೊಂಡು ಮರಳಲ್ಲಿ ಫೋನ್ ಎತ್ತಿ ಹಿಡಿದು ಓಡಾಡಿದೆ. ಸುಮಾರು ಇಪ್ಪತ್ತು ಸಲ ಪ್ರಯತ್ನಿಸಿದ ಮೇಲೆ ಪಕ್ಕದ ಮನೆ ಅಕ್ಕನಿಗೆ ಫೋನ್ ಸಿಕ್ಕಿತು. ಅವರದೂ ಹೋಂಸ್ಟೇ. "ಅಷ್ಟೇನಾ? ನನ್ನಲ್ಲಿ ಹಾಕ್ತೀನಿ. ನೀನು ಹೆದರ್ಬೇಡ ಮಾರಾಯ್ತಿ, ನಿಧಾನ ಬಾ," ಅಂದರು. ಇಷ್ಟು ವರ್ಷದಲ್ಲಿ ನಾನು ಅವರನ್ನು ಒಂದು ಸಹಾಯ ಕೇಳಿರಲಿಲ್ಲ, ಪೈಪೋಟಿ ಅಂತಲೇ ನೋಡುತ್ತಿದ್ದೆ. ಆ ಎರಡು ದಿನ ನಾನು ಉಮ್ಮನ ಜೊತೆ ತೆಂಗಿನಕಾಯಿ ತುರಿದೆ, ಸಂಜೆ ಲಗೂನಿನ ನೀರಲ್ಲಿ ಮೊಣಕಾಲು ಮುಳುಗಿಸಿ ಕೂತೆ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ನೆನಪಿರುವುದು ಆ ಎರಡು ದಿನವೇ.

ಊರಿಗೆ ಬಂದು ಏನು ಮಾಡಿದೆ ಅಂದರೆ, ಸೋಮವಾರ, ಮಂಗಳವಾರ ರೂಮು ಕೊಡುವುದು ನಿಲ್ಲಿಸಿದೆ. ತಿಂಗಳಿಗೆ ಹತ್ತಿರ ಹನ್ನೆರಡು ಸಾವಿರ ಕಮ್ಮಿಯಾಯಿತು, ಮನೆಯವರ ಜೊತೆ ಜಗಳವೂ ಆಯಿತು. ಆರು ತಿಂಗಳು ನೋಡೋಣ ಅಂತ ಒಪ್ಪಿಸಿದೆ, ಈಗ ಆ ಎರಡು ದಿನ ಅವರೇ ಬಿಡುವುದಿಲ್ಲ. ಅಡುಗೆಮನೆ ಒಂಬತ್ತೂವರೆಗೆ ಬಂದ್, ಬುಕಿಂಗ್ ಮಾಡುವಾಗಲೇ ಹೇಳಿಬಿಡುತ್ತೇನೆ. ಮಧ್ಯಾಹ್ನ ಎರಡರ ಮೇಲೆ ಕಾಫಿ ಇಲ್ಲ. ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಗದ್ದೆ ಬದಿಗೆ ಹೋಗಿ ಅರ್ಧ ಗಂಟೆ ಬೆಳಕಲ್ಲಿ ನಡೆದು ಬರುತ್ತೇನೆ. ಅಲ್ಲಿನ ಹಾಗೆ ಒಂಬತ್ತಕ್ಕೆ ಮಲಗಲು ನೋಡಿದೆ, ಆಗಲಿಲ್ಲ. ಕ್ಯಾಂಪ್‌ಫೈರ್ ಹಾಕುವ ಗೆಸ್ಟ್ ಇರುವಾಗ ಅದು ಸಾಧ್ಯವೂ ಇಲ್ಲ.

ಒಂದನ್ನು ಮಾತ್ರ ದ್ವೀಪ ಸರಿಮಾಡಲಿಲ್ಲ. ಆ ಜುಲೈನಲ್ಲಿ ಮಳೆ ಜೋರಾದಾಗ ಮತ್ತೆ ಎರಡೂವರೆಗೆ ಎದ್ದು, ಟಾರ್ಚ್ ಹಿಡಿದು ಮನೆ ಹಿಂದಿನ ಬರೆ (ಮಣ್ಣಿನ ದಿಬ್ಬ) ಕುಸಿದಿದೆಯಾ ಅಂತ ನೋಡಲು ಹೋದೆ. ಆಗ 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಂದ ಡಾಕ್ಟರ ಹತ್ತಿರ ಹೋದೆ, ಹೋಗಿದ್ದಕ್ಕೆ ಒಳ್ಳೆಯದಾಯಿತು. ಕೊಡಗಿನಲ್ಲಿ ಮಳೆ ಸದ್ದಿಗೆ ಎದೆ ಹೊಡೆದುಕೊಳ್ಳುವವರು ನನ್ನ ಹಾಗೆ ತುಂಬಾ ಜನ ಇದ್ದೀರಿ, ಅಲ್ವಾ? ದಯವಿಟ್ಟು ಫೋನ್ ಮಾಡಿ, ಪ್ರವಾಸಕ್ಕೆ ದುಡ್ಡು ಹೊಂದಿಸುವವರೆಗೆ ಕಾಯಬೇಡಿ.

ಮೊನ್ನೆ ಉಮ್ಮ ವಿಡಿಯೋ ಕಾಲ್ ಮಾಡಿದ್ದರು. ನಾನು ಆಗ ಒಯ್ದಿದ್ದ ಕಾಚಂಪುಳಿಯನ್ನು (ನಮ್ಮ ಕೊಡಗಿನ ಕಪ್ಪು ಹುಳಿ ರಸ) ಟ್ಯೂನಾ ಸಾರಿಗೆ ಹಾಕಿ ಹಾಕಿ ಯಾವಾಗಲೋ ಮುಗಿಸಿದ್ದಾರೆ, ಇನ್ನೊಂದು ಬಾಟಲಿ ಬೇಕಂತೆ. ಕಟ್ಟಿ ಇಟ್ಟಿದ್ದೇನೆ. ಕೊಚ್ಚಿ ಕಡೆ ಹೋಗುವವರು ಯಾರಾದರೂ ಸಿಗಬೇಕು, ಆಮೇಲೆ ಹಡಗು ಸಿಗಬೇಕು.