ಮೂರು ನರದ ಎಲೆ ಕಂಡ ಮಾತ್ರಕ್ಕೆ ದಾಲ್ಚಿನ್ನಿಯಲ್ಲ

ದಾಲ್ಚಿನ್ನಿ ಎಂದುಕೊಂಡು ನಾನು ಮೊದಲು ಮನೆಗೆ ತಂದದ್ದು ಕಾಸರಕದ ಸಸಿಯನ್ನು. ಹೆಬ್ರಿ ಸಮೀಪದ ನಮ್ಮ ಮನೆಯ ಹಿಂದಿನ ಹಾಡಿಯಲ್ಲಿ, ಮುರಕಲ್ಲಿನ ಸಂದಿಯಲ್ಲಿ ಅದು ಬೆಳೆದಿತ್ತು. ಎದುರುಬದುರಾಗಿ ಕೂತ ಹೊಳೆಯುವ ಎಲೆ, ಬುಡದಿಂದ ತುದಿಯತ್ತ ಓಡುವ ನರಗಳು. ನನಗೆ ಅಷ್ಟೇ ಸಾಕಾಗಿತ್ತು. ಅಮ್ಮ ಅಂಗಳದಲ್ಲೇ ತಡೆದರು: "ಕಾಸರಕ ಮಾರಾಯ, ಒಳಗೆ ತರಬೇಡ." ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯಂದು ಕುಡಿಯುವ ಕಷಾಯಕ್ಕೆ ಹಾಲೆಮರದ ತೊಗಟೆ ತರುವಾಗಲೂ, ತಪ್ಪಿ ಕಾಸರಕದ ತೊಗಟೆ ಬಂದೀತೆಂದು ಹಿರಿಯರು ಹೆದರುವುದು ಇದೇ ಮರಕ್ಕೆ. ಅದರ ಬೀಜ, ತೊಗಟೆಗಳಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ.

ಕಾಡು ದಾಲ್ಚಿನ್ನಿಯನ್ನು ಸರಿಯಾಗಿ ಕಲಿಯಲೇಬೇಕೆಂದು ಹಟ ಹಿಡಿದದ್ದು ಆಮೇಲೆ. ಪಶ್ಚಿಮ ಘಟ್ಟದಲ್ಲಿ ಮಾತ್ರ ಬೆಳೆಯುವ ಈ ಮರದ ಸಸ್ಯಶಾಸ್ತ್ರೀಯ ಹೆಸರು ಸಿನ್ನಮೋಮಮ್ ಮಲಬಾತ್ರಮ್, ಕುಟುಂಬ ಲಾರೇಸಿ. ಸೋಮೇಶ್ವರದಿಂದ ಆಗುಂಬೆ ಘಾಟಿಯತ್ತ ಹೋಗುವಾಗ, ತಂಪು ತೊರೆಗಳ ಬದಿಯಲ್ಲಿ ಹುಡುಕಿದೆ. ಅಭಯಾರಣ್ಯವಾದ್ದರಿಂದ ಏನನ್ನೂ ಕೀಳುವಂತಿಲ್ಲ. ಬಿದ್ದ ಎಲೆ, ಬಾಗಿದ ಕೊಂಬೆಗಳನ್ನೇ ನೋಡುತ್ತಿದ್ದೆ. ತಲೆಯ ಮೇಲೆ ಧೂಪ, ಹೆಬ್ಬಲಸು. ಕಾಲ ಬಳಿ ಬೆತ್ತದ ಮುಳ್ಳು. ನಡುವಿನ ಅರೆಗತ್ತಲಿನಲ್ಲಿ ಈ ಮರ. ಕಾಡಿನ ಛಾವಣಿಯನ್ನು ಮುಟ್ಟುವ ಅವಸರ ಅದಕ್ಕಿಲ್ಲ.

ಎಲೆಯಲ್ಲಿ ನಡುನರದ ಜೊತೆ ಎರಡು ಪಕ್ಕದ ನರಗಳು. ಅವು ಬುಡದಿಂದ ಸ್ವಲ್ಪ ಮೇಲೆ ಹೊರಟು ತುದಿಯ ಹತ್ತಿರದವರೆಗೂ ಹೋಗುತ್ತವೆ. ಕಾಸರಕದ ಎಲೆ ಇದಕ್ಕಿಂತ ಅಗಲ, ನರಗಳು ಹೆಚ್ಚಾಗಿ ಐದು, ಉಜ್ಜಿದರೆ ಪರಿಮಳವಿಲ್ಲ. ಆದರೆ ಪರಿಮಳವನ್ನೇ ನಂಬಿ ನಾನು ಎರಡನೆಯ ಸಲವೂ ಎಡವಿದೆ. ಲಾರೇಸಿ ಕುಟುಂಬದ್ದೇ ಆದ ನಿಯೋಲಿಟ್ಸಿಯಾ ಎಂಬ ಮರದ ಎಲೆಗೂ ಮೂರು ನರ, ಉಜ್ಜಿದರೆ ಅದಕ್ಕೂ ಘಮ. ಅದರ ಎಲೆಗಳು ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಕೂತಿರುತ್ತವೆ, ಎಲೆಯಡಿ ಬೂದಿ ಬಳಿದಂಥ ಬಿಳುಪು. ದಾಲ್ಚಿನ್ನಿಯ ಎಲೆಗಳು ಕೊಂಬೆಯುದ್ದಕ್ಕೂ ಎದುರುಬದುರಾಗಿ, ಇಲ್ಲವೇ ತುಸು ಹಿಂದುಮುಂದಾಗಿ ಇರುತ್ತವೆ. ಚಿಗುರು ಬಂದಾಗಂತೂ ಕಣ್ಣಿಗೆ ಹಬ್ಬ: ನಸುಗೆಂಪಿನ ಮೆತ್ತನೆಯ ಎಲೆಗಳು ಬಾಡಿದಂತೆ ಜೋತಾಡುತ್ತವೆ. ಚಿಟ್ಟೆಯ ಮರಿಹುಳುಗಳು ಮೇಯುವುದೂ ಈ ಎಳೆ ಎಲೆಗಳನ್ನೇ.

ಅನುಮಾನ ಪೂರ್ತಿ ಹೋದದ್ದು ಭೂತಗನ್ನಡಿಯಲ್ಲಿ ಹೂವನ್ನು ನೋಡಿದ ದಿನ. ಬಿಳಿಹಳದಿ ಬಣ್ಣದ, ಅಕ್ಕಿಕಾಳಿನಷ್ಟು ಪುಟ್ಟ ಹೂವು, ಆರು ಎಸಳು. ಪರಾಗಕೋಶ ಉದ್ದಕ್ಕೆ ಸೀಳಿರಲಿಲ್ಲ. ಕಿಟಕಿಯ ಬಾಗಿಲನ್ನು ಮೇಲಕ್ಕೆತ್ತಿ ಹಿಡಿದಂತೆ ಚಿಕ್ಕ ಚಿಕ್ಕ ಮುಚ್ಚಳಗಳು ತೆರೆದಿದ್ದವು. ಲಾರೇಸಿ ಕುಟುಂಬದ ಗಟ್ಟಿ ಗುರುತು ಇದು. ಮುಂದೆ ಹೂವಿನ ತಳಭಾಗವೇ ಬಲಿತು ಬಟ್ಟಲಾಗುತ್ತದೆ, ಕಾಯಿ ಅದರಲ್ಲಿ ಕೂರುತ್ತದೆ. ಬಟ್ಟಲಿನ ಅಂಚನ್ನು ನೋಡದೆ, ಇದು ಯಾವ ಜಾತಿಯ ದಾಲ್ಚಿನ್ನಿ ಎಂದು ನಾನೀಗ ಯಾರಿಗೂ ಹೆಸರು ಹೇಳುವುದಿಲ್ಲ.

ನಮ್ಮ ನಾಗಬನದ ಹೊರಗೆ ಬಿದ್ದ ಹಣ್ಣುಗಳಿಂದ ಸಸಿ ಮಾಡಿದ್ದೇನೆ. ತಿರುಳನ್ನು ತೊಳೆದು ಅದೇ ವಾರ ಬಿತ್ತಿದವು ಮೊಳೆತವು. ಒಣಗಿಸಿ ಡಬ್ಬದಲ್ಲಿಟ್ಟ ಬೀಜಗಳಲ್ಲಿ ಒಂದೂ ಮೊಳೆಯಲಿಲ್ಲ. ಬಯಲಿನಲ್ಲಿ ನೆಟ್ಟ ಎರಡು ಸಸಿಗಳು ಮಾರ್ಚ್ ಬಿಸಿಲಿಗೆ ಸುಟ್ಟುಹೋದವು, ಬಾವಿಯ ಬದಿಯ ಹಲಸಿನ ನೆರಳಿನಲ್ಲಿರುವುದು ಈಗ ನನಗಿಂತ ಎತ್ತರ.

ಅಡಿಕೆ ತೋಟದಲ್ಲಿ ಹಕ್ಕಿ ಬಿತ್ತಿದ ಇನ್ನೊಂದು ಗಿಡವಿದೆ. ಅದರ ಎಲೆಯಡಿ, ಎಳೆಗೊಂಬೆಗಳ ಮೇಲೆ ಹಳದಿ ನವಿರು ಕಾಣುತ್ತದೆ. ಸಿನ್ನಮೋಮಮ್ ಸಲ್ಫ್ಯುರೇಟಮ್ ಎಂಬ ಇನ್ನೊಂದು ಕಾಡು ದಾಲ್ಚಿನ್ನಿ ಇರಬಹುದು. ಹೂ ಬಿಡುವವರೆಗೆ ಅದರ ಹೆಸರನ್ನು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ.