ಹೆಸರು ಬಿಟ್ಟು ಕೆರೆ ಹಿಡಿದೆ, ಹಾಳೂರು ಸಿಕ್ಕಿತು

ಹಳೇ ಶಾಸನಗಳಲ್ಲಿ ಹೆಸರಿರುವ ಊರು ಈಗ ಎಲ್ಲಿದೆ ಎಂದು ನೆಲದ ಮೇಲೆ ಗುರುತಿಸುವ ಕೆಲಸಕ್ಕೆ ಬಿದ್ದು 11 ವರ್ಷವಾಯಿತು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಜಿಲ್ಲೆಯ 10ನೇ ಸಂಪುಟ (1905) ಹಿಡಿದು ಮುಳಬಾಗಿಲು, ಶ್ರೀನಿವಾಸಪುರದ ಕಡೆ ಸುತ್ತಿದ್ದೇ ಸುತ್ತಿದ್ದು.

ಮೊದಲ ಮೂರು ವರ್ಷ ಸುಮ್ನೆ ಹಾಳಾಯಿತು. ಎಲ್ಲರಂತೆ ನಾನೂ ಹೆಸರಿನ ಹಿಂದೆ ಓಡಿದೆ. ಪಳ್ಳಿ ಹಳ್ಳಿಯಾಗುತ್ತದೆ, ಸಮುದ್ರ ಸಂದ್ರವಾಗುತ್ತದೆ, ಗೊತ್ತಿರುವುದೇ ಅಲ್ವಾ? ಹಾಗೆ ದಾನವಾಗಿ ಬಿಟ್ಟ ಒಂದು ದತ್ತಿ ಊರನ್ನು ಗುರುತಿಸಿ ಪ್ರಬಂಧವನ್ನೂ ಓದಿಬಿಟ್ಟೆ. ಆಮೇಲೆ ಹೋಗಿ ನಿಂತರೆ, ಶಾಸನ ಮೂಡಲಿಗೆ ಹೇಳಿದ ಕೆರೆ ಪಡುವಲಿಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲಿಂದ ಶಾಸನ ಹೇಳುವ ಊರಿನ ಎಲ್ಲೆಯನ್ನೇ ಮೊದಲು ಓದತೊಡಗಿದೆ. ಮರಗಳನ್ನು ಬಿಟ್ಟುಬಿಡಿ. ಬಂಡೆ, ಹಳ್ಳ, ಕೆರೆ, ಕೋಡಿ ಸಾಕು. ಕೋಡಿ ನೀರು ಪಾಲಾರ್ ನದಿ ಕಡೆಗೋ ಪಾಪಾಗ್ನಿ ನದಿ ಕಡೆಗೋ ಎಂದು ತಿಳಿದರೆ ಅರ್ಧ ಹುಡುಕಾಟ ಮುಗಿದಂತೆ. ಆಮೇಲೆ ಗ್ರಾಮ ನಕಾಶೆ. ಬೇಚಿರಾಕ್, ಅಂದರೆ ಜನವಸತಿ ಇಲ್ಲದ ಗ್ರಾಮದಲ್ಲಿ ಖರಾಬು (ಸಾಗುವಳಿಗೆ ಬಾರದ ನೆಲ) ಎಂದಿರುವ ತುಂಡಿನ ಸರ್ವೆ ನಂಬರ್ ಹಿಡಿದು, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆಪ್ ನೋಡುತ್ತಾ ಅಲ್ಲಿಗೇ ಹೋಗುತ್ತೇನೆ. ಹಾಳೂರಿನ ಗುರುತು ಅಂದರೆ ಬೂದಿಮಣ್ಣು, ಮಡಕೆ ಚೂರು, ಒಂಟಿ ಗುಡಿ. ಒಂದು ಕಡೆ ಪಕ್ಕದೂರಿನ ಹೆಂಗಸರು ವರ್ಷಕ್ಕೊಮ್ಮೆ ತಂಬಿಟ್ಟಿನ ದೀಪ ಹೊತ್ತು ಬರುತ್ತಾರೆ. "ನಮ್ಮೋರು ಇಲ್ಲಿಂದ್ಲೇ ಎದ್ದೋದ್ರಂತೆ ಸ್ವಾಮಿ" ಎಂದರು ಒಬ್ಬ ಅಜ್ಜಿ.

ಅನುದಾನ ಒಂದು ಪೈಸೆ ಇಲ್ಲ. ಪೆಟ್ರೋಲು, ನಕಾಶೆ ಪ್ರತಿ ಸೇರಿ ಕೈಯಿಂದ ಹೆಚ್ಚುಕಡಿಮೆ ಒಂದೂವರೆ ಲಕ್ಷ. ಒಂದು ದಿನ ಡ್ರೋನ್ ಬಾಡಿಗೆಗೆ 6-7 ಸಾವಿರ ಕೊಟ್ಟೆ, ಲಂಟಾನ ಪೊದೆ ಬಿಟ್ಟು ಏನೂ ಕಾಣಲಿಲ್ಲ. ಪುಕ್ಕಟೆ ಸಿಗುವ ಬೇಸಿಗೆಯ ಉಪಗ್ರಹ ಚಿತ್ರವೇ ವಾಸಿ. ಒಣಗಿದ ಕೆರೆಯೊಳಗೆ ಹಳೇ ಏರಿಯ ಗೆರೆ ಕಾಣುತ್ತದೆ. 2018ಕ್ಕಿಂತ ಹಿಂದಿನ ಚಿತ್ರ ತೆಗೆಯಿರಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದ ಕೆರೆಗಳು ಈಗ ತುಂಬಿರುತ್ತವೆ.

"ಕೆರೆ ನೋಡಿ ಊರು ಹೇಳ್ತೀಯೇನಪ್ಪ?" ಎಂದಿದ್ದ ಹಿರಿಯರೊಬ್ಬರನ್ನು ಹೋದ ವರ್ಷ ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಅದು ಶಿವಾಲಯಕ್ಕೆ ಬಿಟ್ಟ ಊರು. ಶಾಸನ ಹೇಳಿದ ಈಶಾನ್ಯ ಮೂಲೆಯಲ್ಲೇ ಪೊದೆ ಸವರಿದೆವು. ಶಿವಾಲಯದ ಭೂಮಿಯ ಎಲ್ಲೆಗೆ ನೆಡುತ್ತಿದ್ದ, ಲಿಂಗ ಕೆತ್ತಿದ ಲಿಂಗಮುದ್ರೆ ಕಲ್ಲು ನಿಂತಿತ್ತು. ಅವರು ಅದನ್ನು ಮುಟ್ಟಿ ನೋಡಿ, ನನ್ನ ಬೆನ್ನು ತಟ್ಟಿದರು. 40 ಚಿಲ್ಲರೆ ಹೆಸರುಗಳಲ್ಲಿ 27 ಊರು ಹೀಗೆ ಸಿಕ್ಕಿವೆ. ಇಷ್ಟು ಊರು ಹಿಡಿದವರು ಈ ಕಡೆ ಇನ್ನೊಬ್ಬರಿದ್ದರೆ ಹೇಳಿ.

ಹಳ್ಳಿಯ ಅಜ್ಜ ಅಜ್ಜಿಯರನ್ನು ಮೊದಲು ಏನು ಕೇಳುತ್ತೇನೆ ಎನ್ನುವುದು ನನ್ನ ಹತ್ತಿರವೇ ಇರಲಿ. ಊರುಗಳ ಹೆಸರನ್ನೂ ಬೇಕೆಂದೇ ಹಾಕಿಲ್ಲ. ನಿಧಿಗಳ್ಳರ ಕಾಟ ಜಾಸ್ತಿ. ಆ ಒಂಟಿ ಗುಡಿಯ ಹಿಂದೆ ಈಗಾಗಲೇ ಆಳುದ್ದ ಗುಂಡಿ ತೋಡಿದ್ದಾರೆ.